ಅಮಾತೆಪ್ಪನ ಹೊಗೆ ಬಿಡುವ ಗುರುತು

ಇಳಕಲ್ಲಿನ ಸೀರೆ ವ್ಯಾಪಾರಿ ಅಮಾತೆಪ್ಪನವರು ಪುರಸಭೆಯ ಚುನಾವಣೆಗೆ ನಿಂತದ್ದು ಕೇವಲ ಜನಸೇವೆಗಾಗಿ ಎಂದು ಅವರ ಕರಪತ್ರದಲ್ಲಿ ಅಚ್ಚಾಗಿತ್ತು. ಕರಪತ್ರ ಬರೆದವರು ಅವರೇ ಆದ್ದರಿಂದ ನಂಬದಿರಲು ಕಾರಣವಿಲ್ಲ. ಆದರೆ ಅದೇ ಪ್ರೆಸ್ಸಿನಲ್ಲಿ, ಅದೇ ದಿನ, ‘ಅಮಾತೆಪ್ಪ, ಪುರಸಭಾ ಸದಸ್ಯರು, ಇಳಕಲ್’ ಎಂಬ ತಲೆಬರಹದ ಐನೂರು ಹಾಳೆಗಳೂ ಅಚ್ಚಾದವು. ಮತದಾನಕ್ಕೆ ಆಗಿನ್ನೂ ಹದಿನೆಂಟು ದಿನವಿತ್ತು. ಸ್ವಲ್ಪ ತಡೆಯಬಹುದಲ್ಲ ಎಂದು ಪ್ರೆಸ್ಸಿನವನು ಕೇಳಿದ್ದಕ್ಕೆ, ಗೆದ್ದವರೆಲ್ಲ ಒಟ್ಟಿಗೇ ಬಂದರೆ ನಿನಗೇ ತೊಂದರೆ ಎಂದು ಅಮಾತೆಪ್ಪನವರು ಅವನ ಮೇಲೆ ಕರುಣೆ ತೋರಿಸಿದ್ದರು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅವರು ನಿಂತ ಹನ್ನೊಂದನೆಯ ವಾರ್ಡಿನಲ್ಲಿ ನೇಕಾರರ ಮೂರು ಓಣಿಗಳು, ಮುನ್ನೂರ ಎಂಬತ್ತು ಮತಗಳು ಮತ್ತು ಒಂದು ಗಟಾರ ಇದ್ದವು. ಗಟಾರ ನಾಲ್ಕು ವರ್ಷದಿಂದ ಕಟ್ಟಿಕೊಂಡಿತ್ತು. ಮೂರು ಓಣಿಗಳ ಬಚ್ಚಲ ನೀರೂ ಬಣ್ಣದ ನೀರೂ ಹರಿದು ಬಂದು ಅಮಾತೆಪ್ಪನವರ ಮನೆಯ ಮುಂದೆ ನಿಂತು, ಮುಂದೆ ಹೋಗಲು ದಾರಿ ಕಾಣದೆ ಅಲ್ಲೇ ಬೀಡುಬಿಟ್ಟಿದ್ದವು. ಹಿಂದಿನ ಸದಸ್ಯರು ಅದನ್ನು ಪರಿಶೀಲಿಸಲು ಎರಡು ಸಲ ಬಂದಿದ್ದರು. ಎರಡೂ ಸಲ ಮೂಗಿಗೆ ವಸ್ತ್ರ ಹಿಡಿದು, ಪರಿಸ್ಥಿತಿ ಗಂಭೀರವಾಗಿದೆ ಎಂದು ಹೇಳಿ ಹೋಗಿದ್ದರು. ಆದ್ದರಿಂದ ಈ ಸಲ ವಾರ್ಡಿನ ಜನ ಕೇಳುವ ಪ್ರಶ್ನೆ ಒಂದೇ ಆಗಿತ್ತು: ಗಟಾರ ಯಾರು ತೆಗೆಸುತ್ತೀರಿ?

ಅಮಾತೆಪ್ಪನವರ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ, ಕಾರು ಇತ್ತು. ಎರಡು ವರ್ಷದ ಹಿಂದೆ ಬಾಗಲಕೋಟೆಯ ಅರಳೆ ವ್ಯಾಪಾರಿಯೊಬ್ಬ ಹೇಗಾದರೂ ಮಾಡಿ ಕೈಬಿಟ್ಟರೆ ಸಾಕು ಎಂದುಕೊಂಡಿದ್ದ ಬಿಳಿಯ ಹಳೆಯ ಕಾರು ಅದು. ವಾರ್ಡಿಗೆಲ್ಲ ಅದೊಂದೇ. ಚುನಾವಣಾ ಅಧಿಕಾರಿ ಗುರುತುಗಳ ಪಟ್ಟಿ ಓದಿ, ಛತ್ರಿ, ತಕ್ಕಡಿ, ಎತ್ತಿನ ಬಂಡಿ, ಕಾರು, ಯಾವುದು ಬೇಕು ಎಂದು ಕೇಳಿದಾಗ ಅಮಾತೆಪ್ಪನವರು ಎದ್ದು ನಿಂತು ಕಾರು ಎಂದರು. ಅವರ ಲೆಕ್ಕ ಸರಳವಾಗಿತ್ತು. ಉಳಿದವರು ತಮ್ಮ ಗುರುತನ್ನು ಕಾಗದದ ಮೇಲೆ ತೋರಿಸಬೇಕು. ತಾವು ತಮ್ಮ ಗುರುತಿನೊಳಗೇ ಕೂತು ಬರಬಹುದು.

ಎದುರಾಳಿ ಒಬ್ಬನೇ, ಮಾಳಪ್ಪ. ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ, ಮೈಮೇಲೆ ಎಣ್ಣೆಗಲೆಯ ಅಂಗಿ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ದುಡಿದು ಬಂದು ಹುನಗುಂದ ರಸ್ತೆಯಲ್ಲಿ ಒಂದು ಶೆಡ್ಡು ಹಾಕಿಕೊಂಡಿದ್ದ. ಓಣಿಯ ಜನ ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡು ಹೋಗಿ ಅರ್ಜಿಗೆ ಸಹಿ ಹಾಕಿಸಿದ್ದರು. ಗುರುತು ಯಾವುದಾದರೂ ಆದೀತು ಎಂದದ್ದಕ್ಕೆ ಅವನಿಗೆ ಎತ್ತಿನ ಬಂಡಿ ಸಿಕ್ಕಿತು. ಮರೋಳದ ಕಡೆಯ ಹೊಲಗಳಿಂದ ಕೆಟ್ಟ ಪಂಪಿನ ಎಂಜಿನ್ನುಗಳನ್ನು ತರಲು ಅವನು ನಿಜವಾಗಿಯೂ ಒಂದು ಬಂಡಿ ಇಟ್ಟಿದ್ದ. ಇದನ್ನು ಕೇಳಿ ಅಮಾತೆಪ್ಪನವರು, ಕಾರಿಗೂ ಬಂಡಿಗೂ ಸ್ಪರ್ಧೆಯೇ ಎಂದು ಮೂರು ದಿನ ನಕ್ಕರು.

ಅಮಾತೆಪ್ಪನವರ ಪ್ರಚಾರದ ಹೊಣೆ ಚಿಕ್ಕಪ್ಪನ ಮಗ ಹೊಳಬಸಪ್ಪನದು. ಹೊಳಬಸಪ್ಪ ಈ ಮೊದಲು ಮೂರು ಅಭ್ಯರ್ಥಿಗಳ ಚುನಾವಣೆ ನಡೆಸಿದ್ದ, ಮೂವರೂ ಸೋತಿದ್ದರು. ಹೀಗಾಗಿ ಊರಿನಲ್ಲಿ ಅವನಷ್ಟು ಅನುಭವಿ ಇನ್ನೊಬ್ಬನಿರಲಿಲ್ಲ. ಅವನ ಶಾಸ್ತ್ರದಲ್ಲಿ ಇದ್ದದ್ದು ಒಂದೇ ಸೂತ್ರ, ಅದನ್ನು ಮೊದಲ ದಿನವೇ ಅಣ್ಣನಿಗೆ ಉಪದೇಶಿಸಿದ.

“ಅಣ್ಣಾ, ಓಟು ಎಣಿಸೂತನಾ ನಿನಗ ‘ಇಲ್ಲ’ ಅನ್ನೂ ಹಕ್ಕಿಲ್ಲ. ಯಾರು ಏನ ಹೇಳಿದ್ರೂ ಹೂಂ ಅನ್ನು. ಬಾಯಾಗ ಮಣ್ಣ ಹಾಕ್ಕೋ ಅಂದ್ರೂ ಹೂಂ ಅನ್ನು. ಓಟಿನ ಮರುದಿನ ಉಗುಳಿದ್ರಾತು.”

ಅಮಾತೆಪ್ಪನವರು ಹೂಂ ಅಂದರು.

ಮೊದಲ ಪ್ರಚಾರದ ಮುಂಜಾನೆ ಕಾರಿಗೆ ಚೆಂಡು ಹೂವಿನ ಸರ ಕಟ್ಟಿ, ಮೇಲೆ ಧ್ವನಿವರ್ಧಕ ಇಟ್ಟು ನಡುವಿನ ಓಣಿಗೆ ಹೋದರು. ನೇಕಾರರ ಓಣಿಯಲ್ಲಿ ಮುಂಜಾನೆ ಅಂದರೆ ನೂಲಿನ ಹೊತ್ತು. ಸೀರೆಗೆ ಹಾಸುವ ನೂಲನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿರುತ್ತಾರೆ. ಆ ದಿನ ಕಟ್ಟಿದ್ದು ಹಾಲಿನಂಥ ಬಿಳಿಯ ನೂಲು. ಕಾರು ಅದರ ಪಕ್ಕದಲ್ಲಿ ಬಂದು ನಿಂತಿತು. ಅಮಾತೆಪ್ಪನವರು ಕೈಮುಗಿಯುತ್ತ ಇಳಿದು, ಚಾವಿ ತೆಗೆದು ಜೇಬಿಗೆ ಹಾಕಿಕೊಂಡರು. ಎಂಜಿನ್ನು ಮಾತ್ರ ನಿಲ್ಲಲಿಲ್ಲ. ಚಾವಿಯ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ಬುಡುಬುಡು ಎನ್ನುತ್ತ, ನಡುನಡುವೆ ಮೈಯೆಲ್ಲ ಕೊಡವಿಕೊಳ್ಳುತ್ತ, ಹಿಂದಿನ ಕೊಳವೆಯಿಂದ ಕರಿಹೊಗೆ ಬಿಡುತ್ತ ನಿಂತಿತು. ಅಮಾತೆಪ್ಪನವರು ಬಂಧುಗಳೇ ಎಂದು ಚಪ್ಪಾಳೆಗಾಗಿ ತಡೆದಾಗಲೆಲ್ಲ ಕಾರೇ ಅವರ ಪರವಾಗಿ ಎರಡು ಮಾತಾಡುತ್ತಿತ್ತು. ಭಾಷಣ ಮುಗಿಯುವ ಹೊತ್ತಿಗೆ ಹತ್ತು ಮಾರು ಬಿಳಿ ನೂಲು ಬೂದುಬಣ್ಣಕ್ಕೆ ತಿರುಗಿತ್ತು.

ನೂಲು ಇಂದ್ರಾಬಾಯಿಯದು. ಎಂಟು ಮಗ್ಗಗಳ ಯಜಮಾನಿ, ಆಕೆಯ ಓಣಿಯ ನಲವತ್ತೆರಡು ಮತಗಳು ಆಕೆಯ ಮುಖ ನೋಡಿ ಬೀಳುವಂಥವು. ಆಕೆ ಕೂಗಾಡಲಿಲ್ಲ. ಮಸಿ ಕೂತ ಒಂದು ಎಳೆಯನ್ನು ಹರಿದು ಅಮಾತೆಪ್ಪನವರ ಕೈಗೆ ಕೊಟ್ಟಳು.

“ನಮ್ಮ ನೂಲಿನ ಮ್ಯಾಲೆ ಮಸಿ ಕೂಡಿಸಿ ನಮ್ಮ ಕಡೆನ ಓಟು ಕೇಳ್ತೀರೇನ್ರಿ? ಮೊದಲ ನಿಮ್ಮ ಗುರುತಿನ ಹೊಗಿ ನಿಂದರಸ್ರಿ. ಆಮ್ಯಾಲ ಬರ್ರಿ, ಗಟಾರದ ಮಾತಾಡೂಣು.”

ಹೂಂ ಎಂದು ಅಮಾತೆಪ್ಪನವರು ಕಾರು ಹತ್ತಿದರು. ಅದು ಇನ್ನೂ ನಡೆಯುತ್ತಲೇ ಇದ್ದದ್ದರಿಂದ ಮತ್ತೆ ಚಾಲೂ ಮಾಡುವ ಕಷ್ಟ ಬೀಳಲಿಲ್ಲ.

ಮರುದಿನ ಮತದಾರರಿಗೆ ಪ್ರೀತಿಯಿಂದ ಹಂಚಲು ಕರದಂಟು ತರಬೇಕೆಂದು ಅಮೀನಗಡಕ್ಕೆ ಹೋದರು. ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರನೊಬ್ಬ ಕೆಮ್ಮುತ್ತ ಎದ್ದು ಬಂದು, ಕಾರಿನ ಸೈಲೆನ್ಸರಿನೊಳಗೆ ಬೆರಳು ಹಾಕಿ ತೆಗೆದು ತೋರಿಸಿದ. ಬೆರಳು ಬುಡದವರೆಗೆ ಕಪ್ಪಾಗಿತ್ತು. ಎಂಜಿನ್ನಿನ ತಲೆಯೊಳಗೆ ಕಾರ್ಬನ್ ಕಟ್ಟಿಕೊಂಡಿದೆ, ಆ ಮಸಿ ಕೆಂಡವಾಗಿ ಉಳಿಯುವುದರಿಂದಲೇ ಚಾವಿ ತೆಗೆದರೂ ಎಂಜಿನ್ನು ನಿಲ್ಲುವುದಿಲ್ಲ, ಬಿಚ್ಚಿ ಕೆರೆದು ತೆಗೆಯಬೇಕು, ಬೇರೆ ಔಷಧವಿಲ್ಲ ಎಂದ. ಯಾರು ಮಾಡುತ್ತಾರೆ ಎಂದು ಕೇಳಿದರು. ಅದಕ್ಕೇಕೆ ಚಿಂತೆ, ನಿಮ್ಮ ಇಳಕಲ್ಲಿನಲ್ಲೇ ಮಾಳಪ್ಪ ಅಂತ ಒಬ್ಬನಿದ್ದಾನೆ, ಕೈ ಬಹಳ ಸ್ವಚ್ಛ ಎಂದು ಡ್ರೈವರ ಹೇಳಿದ.

ಅಮಾತೆಪ್ಪನವರು ಕರದಂಟು ಮರೆತು ಊರಿಗೆ ಬಂದರು. ತಮ್ಮ ಗುರುತನ್ನು ಎದುರಾಳಿಯ ಬಾಗಿಲಿಗೆ ಒಯ್ದು, ಇದರ ಮಸಿ ತೆಗೆದುಕೊಡು ಎಂದು ಬೇಡುವುದಕ್ಕಿಂತ ಬನಶಂಕರಿಯ ಹೊಂಡಕ್ಕೆ ಹಾರುವುದು ಮೇಲು ಎಂದು ಅವರಿಗೆ ಅನ್ನಿಸಿತು. ಆದರೆ ಕಾರ್ಬನ್ ಎಂಬ ಹೊಸ ಶಬ್ದ ಬಾಯಲ್ಲಿ ಕೂತಿತ್ತು, ಅದು ಸುಮ್ಮನಿರಲು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು, ದೊಡ್ಡ ಕಾರುಗಳಿಗೆ ಮಾತ್ರ ಬರುವ ಒಂದು ತೊಂದರೆ ಇದು, ಒಳಗೆ ಮಸಿ ಕಟ್ಟಿ ಉಸಿರು ಆಡುವುದಿಲ್ಲ ಎಂದು ನಾಲ್ಕು ಜನರಿಗೆ ವಿವರಿಸಿದರು. ಸಂಜೆಯೊಳಗೆ ವಾರ್ಡಿಗೆಲ್ಲ ಸುದ್ದಿಯಾಯಿತು: ಅಮಾತೆಪ್ಪನವರ ಕಾರಿಗೆ ಹೊಟ್ಟೆ ಕಟ್ಟಿದೆ.

ಕಾಯಿಲೆ ಬಿದ್ದವರನ್ನು ಮಾತಾಡಿಸಲು ಬರುವುದು ನಮ್ಮ ಕಡೆಯ ಪದ್ಧತಿ. ಬಂದವರು ಒಂದು ಔಷಧ ಹೇಳದೆ ಎದ್ದು ಹೋದರೆ ಅದು ಮರ್ಯಾದೆಯೂ ಅಲ್ಲ. ಮರುದಿನದಿಂದ ಕಾರನ್ನು ನೋಡಲು ಜನ ಬರತೊಡಗಿದರು. ಬಂದ ಒಬ್ಬೊಬ್ಬರೂ ಮತದಾರರು. ಹೊಳಬಸಪ್ಪ ಬಾಗಿಲಲ್ಲೇ ನಿಂತು, ಇವರದು ಐದು, ಇವರದು ಒಂಬತ್ತು ಎಂದು ಅಣ್ಣನ ಕಿವಿಯಲ್ಲಿ ಹೇಳುತ್ತಿದ್ದ. ಅಣ್ಣ ಅಷ್ಟಕ್ಕೂ ಹೂಂ ಅನ್ನುತ್ತಿದ್ದರು.

ಮೊದಲು ಬಂದವಳು ಹನ್ನೊಂದು ಮತಗಳ ಮನೆಯ ಹಿರಿಯಳು, ಬಾಳಮ್ಮ. ತಾಮ್ರದ ಹಂಡೆಯ ಮಸಿ ಹುಣಸೆಹಣ್ಣಿಗೆ ಹೆದರುವಷ್ಟು ಇನ್ನಾವುದಕ್ಕೂ ಹೆದರುವುದಿಲ್ಲ ಎಂಬುದು ಎಪ್ಪತ್ತು ವರ್ಷದ ಆಕೆಯ ಅನುಭವ. ಒಂದು ಚರಿಗೆ ಹುಣಸೆಯ ರಸವನ್ನು ಕಿವುಚಿ ತಂದಿದ್ದಳು. ಕಾರಿನ ಬಾಯಿ ಯಾವುದು ಎಂದು ಕೇಳಿದಳು. ಹೊಳಬಸಪ್ಪ ಮುಂದಿನ ಬಾನೆಟ್ಟು ಎತ್ತಿ, ನೀರು ಹಾಕುವ ಮುಚ್ಚಳ ತೆಗೆದು ತೋರಿಸಿದ. ಬಾಳಮ್ಮ ಮಗುವಿಗೆ ಹಾಲೆರೆದಂತೆ ಅಷ್ಟನ್ನೂ ಎರೆದಳು. ಅಂದು ಸಂಜೆ ಪ್ರಚಾರಕ್ಕೆ ಹೋದಾಗ ಎಂಜಿನ್ನು ಕಾದು ಆ ನೀರು ಕುದಿಯಿತು. ಕಾರು ಹೋದ ಓಣಿಗಳಲ್ಲೆಲ್ಲ, ಯಾರ ಮನೆಯಲ್ಲಿ ಇಷ್ಟು ಚಲೋ ಸಾರು ಕಾಯಿಸಿದ್ದಾರೆ ಎಂದು ಜನ ಹೊರಗೆ ಬಂದು ನೋಡಿದರು. ಹೊಗೆ ಕಡಿಮೆಯಾಗಲಿಲ್ಲ.

ಎರಡನೆಯವನು ಯಾಕೂಬಸಾಬ, ಸರಕಾರಿ ಕೆಲಸದಿಂದ ನಿವೃತ್ತನಾದ ಕಂಪೌಂಡರು. ಅವನ ಬಳಗದಲ್ಲಿ ಮೂವತ್ತು ಮತ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, ಕಟ್ಟಿರುವುದು ಹಿಂದಿನ ದಾರಿ, ನೀವು ಮುಂದಿನಿಂದ ಔಷಧ ಹಾಕಿದರೆ ಏನು ಪ್ರಯೋಜನ ಎಂದು ಕೇಳಿದ. ತರ್ಕ ಸರಿಯಾಗಿಯೇ ಇತ್ತು. ಹಳೆಯ ಪೆಟ್ಟಿಗೆಯಿಂದ ಎನಿಮಾದ ಡಬ್ಬಿಯನ್ನೂ ರಬ್ಬರಿನ ನಳಿಕೆಯನ್ನೂ ತರಿಸಿದ. ಬಿಸಿನೀರಿನಲ್ಲಿ ಸಾಬೂನು ಕದಡಿ, ಡಬ್ಬಿಯನ್ನು ಬೇವಿನ ಗಿಡದ ಟೊಂಗೆಗೆ ತೂಗುಹಾಕಿ, ನಳಿಕೆಯ ತುದಿಯನ್ನು ಸೈಲೆನ್ಸರಿಗೆ ಸೇರಿಸಿದ. ಮೂವತ್ತು ವರ್ಷ ದವಾಖಾನೆಯಲ್ಲಿ ಇಷ್ಟು ಶಾಂತವಾಗಿ ಮಲಗಿದ ರೋಗಿಯನ್ನು ತಾನು ಕಂಡಿಲ್ಲ ಎಂದು ಮೆಚ್ಚಿಕೊಂಡ. ಎರಡು ಡಬ್ಬಿ ನೀರು ಒಳಗೆ ಹೋಯಿತು. ಹೊರಗೆ ಏನೂ ಬರಲಿಲ್ಲ. ಬರುತ್ತದೆ, ಅವಸರ ಮಾಡಬಾರದು ಎಂದು ಹೇಳಿ ಚಹಾ ಕುಡಿದು ಹೋದ.

ಮೂರನೆಯ ವೈದ್ಯ ಮನೆಯೊಳಗೇ ಇದ್ದಳು. ಗುರುಲಿಂಗವ್ವ ಅಮಾತೆಪ್ಪನವರಿಗೆ ಸೋದರತ್ತೆ, ಹೆಣ್ಣು ಕೊಟ್ಟ ಅತ್ತೆಯೂ ಹೌದು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ ಮುಂಜಾನೆ, ಮನೆಯವರಿಗೆಲ್ಲ ಔಡಲೆಣ್ಣೆ ಕುಡಿಸಿ ಜುಲಾಬು ಮಾಡಿಸುವುದು ಆಕೆಯ ವ್ರತ. ನಲವತ್ತು ವರ್ಷದಲ್ಲಿ ಆ ವ್ರತ ಮನೆಯ ಗೋಡೆ ದಾಟಿ ಓಣಿಗೆ ಹಬ್ಬಿತ್ತು. ಈಗ ಮತದಾರರಾಗಿದ್ದವರಲ್ಲಿ ಅರ್ಧ ಜನರನ್ನು ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೆಡವಿಕೊಂಡು, ಮೂಗು ಹಿಡಿದು ಎಣ್ಣೆ ಹಾಕಿದವಳು ಅವಳೇ. ಯಾರ್ಯಾರೋ ಬಂದು ತನ್ನ ಬಾಗಿಲಲ್ಲೇ ಹೊಟ್ಟೆಯ ಔಷಧ ಮಾಡಿಹೋದದ್ದು ಆಕೆಗೆ ಅಪಮಾನವೆನ್ನಿಸಿತು. ಅಂದು ಅಮಾವಾಸ್ಯೆಯ ಮರುದಿನವೂ ಆಗಿತ್ತು. ಮನೆಯವರದೆಲ್ಲ ಮುಗಿಸಿ, ಅಳಿಯ ಸ್ನಾನಕ್ಕೆ ಹೋದಾಗ, ಉಳಿದ ಎರಡು ಸೇರು ಔಡಲೆಣ್ಣೆಯನ್ನು ಪೆಟ್ರೋಲು ಟ್ಯಾಂಕಿಗೆ ಸುರುವಿ, ಮೇಲೆ ಒಂದು ಲೋಟ ಬಿಸಿ ಚಹಾ ಹಾಕಿದಳು. ಚಹಾ ಹಾಕದಿದ್ದರೆ ಎಣ್ಣೆ ಇಳಿಯುವುದಿಲ್ಲ ಎಂಬುದು ಆಕೆಯ ಶಾಸ್ತ್ರ.

ಅದೇ ಸಂಜೆ ದೊಡ್ಡ ಸಭೆ ಇತ್ತು. ಹೊಗೆ ಬಿಡದ ಕಾರನ್ನು ಜನರ ಕಣ್ಣೆದುರೇ ಚಾಲೂ ಮಾಡಿ ತೋರಿಸುತ್ತೇವೆ ಎಂದು ಹೊಳಬಸಪ್ಪ ಧ್ವನಿವರ್ಧಕದಲ್ಲಿ ಎರಡು ದಿನದಿಂದ ಸಾರಿದ್ದ. ಎತ್ತುಗಳಿಂದ ಎಳೆಯಿಸಿಯಾದರೂ ಬರುತ್ತೀರೋ ಎಂದು ಯಾರೋ ಕೇಳಿದ್ದಕ್ಕೆ ಮೂಗು ಮುರಿದಿದ್ದ. ಇನ್ನೂರು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಇಂದ್ರಾಬಾಯಿ ಕೂತಿದ್ದಳು. ಕಾರನ್ನು ನಾಲ್ಕು ಜನ ನೂಕಿ ತಂದು ವೇದಿಕೆಯ ಪಕ್ಕಕ್ಕೆ, ಹಿಂಭಾಗ ಸಭೆಗೆ ಕಾಣುವಂತೆ ನಿಲ್ಲಿಸಿದರು. ಅಮಾತೆಪ್ಪನವರು ಒಳಗೆ ಕೂತು, ಕಣ್ಣು ಮುಚ್ಚಿ ಚಾವಿ ತಿರುಗಿಸಿದರು.

ಎಂಜಿನ್ನು ಹಲವು ಸಲ ಗೊರಗುಟ್ಟಿ, ಕೊನೆಗೆ ಹತ್ತಿಕೊಂಡಿತು. ಮೊದಲು ಬಂದದ್ದು ಯಾಕೂಬಸಾಬನ ಔಷಧ. ಸೈಲೆನ್ಸರಿನ ಬಾಯಿಂದ ಕರಿಯ ನೊರೆ ಉಕ್ಕಿ, ಅದರಿಂದ ತೆಂಗಿನಕಾಯಿ ಗಾತ್ರದ ಗುಳ್ಳೆಗಳು ಒಂದೊಂದಾಗಿ ಎದ್ದು ಸಭೆಯ ಮೇಲೆ ತೇಲಿದವು. ಜನ ಇದು ಪ್ರಚಾರದ ಹೊಸ ಪದ್ಧತಿಯಿರಬೇಕು ಎಂದು ಚಪ್ಪಾಳೆ ತಟ್ಟಿದರು. ಗುಳ್ಳೆಗಳು ಹಿರಿಯರ ಬಿಳಿ ಟೋಪಿಗಳ ಮೇಲೆ ಒಡೆದು ಮಸಿ ಇಳಿದಾಗ ಚಪ್ಪಾಳೆ ನಿಂತಿತು.

ಆಮೇಲೆ ಔಡಲೆಣ್ಣೆ ಹೊತ್ತಿಕೊಂಡಿತು. ಬಿಳಿ ಹೊಗೆ ಮೋಡದಂತೆ ಎದ್ದು ಸಭೆಯನ್ನು ತುಂಬಿತು. ಅದರ ವಾಸನೆ ಗುರುಲಿಂಗವ್ವನ ತೊಡೆಯ ಮೇಲೆ ಬಿದ್ದೆದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ತಲೆ ಮರೆತರೂ ಹೊಟ್ಟೆ ಮರೆತಿರಲಿಲ್ಲ. ಮೊದಲು ಹಿಂದಿನ ಸಾಲಿನ ಇಬ್ಬರು ಮೆಲ್ಲಗೆ ಎದ್ದರು. ಆಮೇಲೆ ನಡುವಿನ ಸಾಲು. ಮೀಸೆ ಬಂದ ಗಂಡಸರು, ಹಿರಿಯ ನೇಕಾರರು, ಶಾಲೆಯ ಮಾಸ್ತರರು ಹೊಟ್ಟೆಯ ಮೇಲೆ ಕೈಯಿಟ್ಟು, ಯಾರ ಮುಖವನ್ನೂ ನೋಡದೆ, ಅವಸರದ ಹೆಜ್ಜೆಯಲ್ಲಿ ಊರ ಹೊರಗಿನ ಹಳ್ಳದ ಕಡೆಗೆ ಹೊರಟರು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಅಭ್ಯರ್ಥಿಗೆ ಹಾಕಬೇಕಾಗಿದ್ದ ಮಾಲೆಯನ್ನು ಹಿಡಿದುಕೊಂಡೇ ಹೋದರು. ಹತ್ತು ನಿಮಿಷದಲ್ಲಿ ಸಭೆ ಖಾಲಿಯಾಯಿತು. ಇಂದ್ರಾಬಾಯಿ ಒಬ್ಬಳೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಎದ್ದು, ಸೀರೆಗೆ ಕೂತ ಮಸಿ ಕೊಡವಿ ಹೋದಳು. ಆಕೆ ಬೈದಿದ್ದರೆ ಚಲೋ ಇತ್ತು ಎಂದು ಅಮಾತೆಪ್ಪನವರಿಗೆ ಅನ್ನಿಸಿತು.

ಮರುದಿನ ಶುಕ್ರವಾರ, ಪ್ರಚಾರಕ್ಕೆ ಕೊನೆಯ ದಿನ. ಮತದಾನ ಭಾನುವಾರ. ಮಾನ ಉಳಿಯಬೇಕಾದರೆ ಒಂದು ಸಲವಾದರೂ ಕಾರು ವಾರ್ಡಿನ ತುಂಬ ತಿರುಗಲೇಬೇಕು ಎಂದು ಹೊಳಬಸಪ್ಪ ಹಟ ಹಿಡಿದ. ಕಾರು ಬಸ್‌ಸ್ಟ್ಯಾಂಡಿನವರೆಗೆ ಬಂತು. ಅಲ್ಲಿ ಒಂದು ಸಲ ಜೋರಾಗಿ ಸಿಡಿದು, ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು. ಹುನಗುಂದದ ಬಸ್ಸು ಒಂದು ಕಡೆ, ಬಾದಾಮಿಯ ಬಸ್ಸು ಒಂದು ಕಡೆ ನಿಂತು ಹಾರ್ನು ಹೊಡೆಯತೊಡಗಿದವು. ಬಂದ ಪೊಲೀಸರು ಐದು ನಿಮಿಷದಲ್ಲಿ ತೆಗೆಯದಿದ್ದರೆ ಗುರುತನ್ನು ಠಾಣೆಗೆ ಒಯ್ಯುತ್ತೇವೆ ಎಂದರು. ಅಷ್ಟರಲ್ಲಿ ಒಂದು ಬಂಡಿ ಬಂತು. ಮಾಳಪ್ಪ ಮರೋಳದಿಂದ ಪಂಪೊಂದನ್ನು ಹಾಕಿಕೊಂಡು ಬರುತ್ತಿದ್ದ. ಅವನು ನಗಲಿಲ್ಲ. ಬಂಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎತ್ತುಗಳ ಕೊರಳು ಬಿಚ್ಚಿ, ಹಗ್ಗದಿಂದ ಕಾರಿಗೆ ಕಟ್ಟಿದ.

ಹೀಗೆ ಪ್ರಚಾರದ ಕೊನೆಯ ಮೆರವಣಿಗೆ ಹೊರಟಿತು. ಮುಂದೆ ಎತ್ತು, ಹಿಂದೆ ಕಾರು. ಕಾರಿನೊಳಗೆ ಅಮಾತೆಪ್ಪನವರು ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ರಸ್ತೆಯ ಮೇಲೆ ಕಣ್ಣು ನೆಟ್ಟು, ತಾವೇ ಓಡಿಸುತ್ತಿರುವವರಂತೆ ಕೂತಿದ್ದರು. ಹೊಳಬಸಪ್ಪನಿಗೆ ಧ್ವನಿವರ್ಧಕ ನಿಲ್ಲಿಸುವುದು ತೋಚಲಿಲ್ಲ. ಅಭ್ಯಾಸಬಲದಿಂದ, ಪ್ರಗತಿಯ ವೇಗಕ್ಕೆ ಕಾರಿನ ಗುರುತಿಗೇ ನಿಮ್ಮ ಮತ ಎಂದು ಕೂಗುತ್ತಲೇ ಇದ್ದ. ಜನ ಮಾಳಿಗೆ ಹತ್ತಿ ನಿಂತು ನಕ್ಕರು. ಅಮಾತೆಪ್ಪನವರ ಮನೆಯ ತಿರುವು ಬಂದಾಗ ಎತ್ತುಗಳು ತಿರುಗಲಿಲ್ಲ. ಅವಕ್ಕೆ ಗೊತ್ತಿದ್ದ ದಾರಿ ಒಂದೇ. ಕೆಟ್ಟ ಎಂಜಿನ್ನನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೇ, ಮಾಳಪ್ಪನ ಶೆಡ್ಡಿಗೇ ಒಯ್ದು ನಿಂತವು.

ಅಮಾತೆಪ್ಪನವರು ಇಳಿದರು. ಮಾಳಪ್ಪ ಆಗಲೇ ಬಾನೆಟ್ಟು ಎತ್ತಿ ಪಾನಾ ಹಾಕಿ ನಟ್ಟು ಬಿಚ್ಚುತ್ತಿದ್ದ.

“ಮಾಳಪ್ಪಾ, ನಾಡದು ಓಟು ಐತಿ. ನಾ ನಿನ್ನ ಎದುರು ನಿಂತಾಂವ. ಯಾಕ ಮಾಡಾಕತ್ತೀದಿ ಇದನ್ನ?”

“ಎತ್ತು ಇಲ್ಲಿಗೇ ತಂದ್ವಲ್ರಿ. ಬಾಗಲ ಮುಂದ ಕೆಟ್ಟ ಗಾಡಿ ನಿಂತ್ರ ನನಗ ನೋಡ್ಕೊಂತ ಕೂಡ್ರಾಕ ಬರಂಗಿಲ್ಲ. ಆ ಡಬ್ಬಿ ಇತ್ತಾಗ ಕೊಡ್ರಿ.”

ಅಮಾತೆಪ್ಪನವರು ಡಬ್ಬಿ ಕೊಟ್ಟರು.

ಶನಿವಾರ ಮುಂಜಾನೆಯ ಹೊತ್ತಿಗೆ ಎಂಜಿನ್ನಿನ ತಲೆ ಬಿಚ್ಚಿ ಕೆಳಗಿಟ್ಟಾಗಿತ್ತು. ಪ್ರಚಾರ ಮುಗಿದಿತ್ತು, ಮಗ್ಗಕ್ಕೆ ರಜೆ ಇತ್ತು, ಜನಕ್ಕೆ ಬೇರೆ ಕೆಲಸವಿರಲಿಲ್ಲ. ವಾರ್ಡಿಗೆ ವಾರ್ಡೇ ಶೆಡ್ಡಿನ ಮುಂದೆ ನಿಂತಿತು. ಮಾಳಪ್ಪ ಸೈಲೆನ್ಸರನ್ನು ಸಗಣಿ ಕುಳ್ಳಿನ ಬೆಂಕಿಯಲ್ಲಿ ಕಾಯಲು ಹಾಕಿ, ಲೋಹಕ್ಕೆ ಗೀರು ಬೀಳಬಾರದೆಂದು ಬಿದಿರಿನ ಸೀಳಿನಿಂದ ಎಂಜಿನ್ನಿನ ತಲೆಯೊಳಗಿನ ಮಸಿಯನ್ನು ಮೆಲ್ಲಗೆ ಕೆರೆಯುತ್ತಿದ್ದ. ಮಸಿಯ ಜೊತೆಗೆ ಏನೇನೋ ಬಂತು. ಅವನು ಒಂದೊಂದನ್ನೂ ಎತ್ತಿ ಹಿಡಿದು, ಯಾರ ಮೇಲೂ ಸಿಟ್ಟಿಲ್ಲದೆ, ಇದು ಏನು ಎಂದು ಕೇಳುತ್ತಿದ್ದ. ನೀರಿನ ದಾರಿಯಲ್ಲಿ ಹುಣಸೆಯ ನಾರು ಸಿಕ್ಕಿತು. ಬಾಳಮ್ಮ ಆಕಾಶ ನೋಡಿದಳು. ಕೊಳವೆಯಲ್ಲಿ ಸಾಬೂನಿನ ಗಟ್ಟಿ ಸಿಕ್ಕಿತು. ಯಾಕೂಬಸಾಬ ತನ್ನ ಕಾಲದಲ್ಲಿ ಸಾಬೂನು ಹೀಗಿರಲಿಲ್ಲ ಎಂದ. ಟ್ಯಾಂಕಿನ ತಳದಲ್ಲಿ ಚಹಾಪುಡಿ ಸಿಕ್ಕಾಗ ಅಮಾತೆಪ್ಪನವರಿಗೇ ಆಶ್ಚರ್ಯವಾಯಿತು, ಗುರುಲಿಂಗವ್ವನಿಗೆ ಮಾತ್ರ ಆಗಲಿಲ್ಲ.

“ಹೊಗಿ ಹೊರಗ ಹೋಗೂ ದಾರಿನ ಕಟ್ಟಿತ್ರಿ,” ಎಂದ ಮಾಳಪ್ಪ. “ದಾರಿ ಬಿಡಸಲಾರದ ಒಳಗ ಏನ ಸುರುವಿದ್ರೂ ಅದೂ ಮಸೀನ ಆಗ್ತೈತಿ.”

ಬಾಳಮ್ಮ ಮುಂದೆ ಬಂದು ಬಗ್ಗಿ ನೋಡಿ, ನಮ್ಮ ಗಟಾರದ ಕಥೆಯೂ ಇದೇ ಏನಪ್ಪಾ ಎಂದು ಕೇಳಿದಳು. ಇದೇ ಎಂದು ಮಾಳಪ್ಪ ಕೆರೆಯುತ್ತಲೇ ಹೇಳಿದ. ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆಯ ಕೆಳಗಿನ ಪೈಪಿನಲ್ಲಿ ಕಟ್ಟಿದೆ, ಓಣಿಯಲ್ಲಿ ಎಷ್ಟು ಬಳಿದರೂ ಅಷ್ಟೇ, ಎರಡು ದಿನದ ಕೆಲಸ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಳಬಸಪ್ಪನ ಅನುಭವ ಥಟ್ಟನೆ ಎಚ್ಚೆತ್ತಿತು. ಓಡುತ್ತ ಹೋಗಿ ಚುನಾವಣಾ ಅಧಿಕಾರಿಗೆ ದೂರು ಕೊಟ್ಟ: ಪ್ರಚಾರ ಮುಗಿದ ಮೇಲೂ ಎದುರಾಳಿ ಪ್ರಚಾರ ಮಾಡುತ್ತಿದ್ದಾನೆ. ಏನು ಮಾಡುತ್ತಿದ್ದಾನೆ ಎಂದು ಅಧಿಕಾರಿ ಲೇಖನಿ ತೆರೆದು ಕೇಳಿದರು. ಕಾರಿನ ಮಸಿ ಕೆರೆಯುತ್ತಿದ್ದಾನೆ. ಯಾರ ಕಾರು? ನಮ್ಮದು. ಅಧಿಕಾರಿ ಲೇಖನಿ ಮುಚ್ಚಿ, ಎದುರಾಳಿಯ ಗುರುತನ್ನು ಕೆಡಿಸಬಾರದು ಎಂದು ನಿಯಮವಿದೆ, ರಿಪೇರಿ ಮಾಡಬಾರದು ಎಂದು ಎಲ್ಲೂ ಇಲ್ಲ ಎಂದರು.

ಸಂಜೆ ನಾಲ್ಕಕ್ಕೆ ಕಾರು ಚಾಲೂ ಆಯಿತು. ಹೊಗೆ ಇಲ್ಲ, ಗೊರಗು ಇಲ್ಲ. ಚಾವಿ ತೆಗೆದರೆ ನಿಂತಿತು. ಮೂರು ಸಲ ತೆಗೆದು ಹಾಕಿ ನೋಡಿದರು, ಮೂರು ಸಲವೂ ನಿಂತಿತು. ಅಮಾತೆಪ್ಪನವರಿಗೆ ಆದ ಸಂತೋಷ ಹೇಳತೀರದು. ಮಾಳಪ್ಪ ಎಂಥ ಮುಗ್ಧ, ತನ್ನ ಕೈಯಾರೆ ತನ್ನ ಸೋಲನ್ನು ರಿಪೇರಿ ಮಾಡಿಕೊಟ್ಟನಲ್ಲ ಎಂದು ಅವನ ಮೇಲೆ ಕನಿಕರವೂ ಹುಟ್ಟಿತು. ಹೊಳಬಸಪ್ಪ ಅಂದೇ ಕೂತು ಇನ್ನೂರ ತೊಂಬತ್ತು ಮತಗಳ ಲೆಕ್ಕ ಕೊಟ್ಟ.

ಭಾನುವಾರ ದಿನವಿಡೀ ಆ ಕಾರು ಮತದಾರರನ್ನು ಹೊತ್ತು ತಿರುಗಿತು. ಬಾಳಮ್ಮ ಎರಡು ಸಲ ಕೂತಳು. ಇಂದ್ರಾಬಾಯಿ ತನ್ನ ಓಣಿಯ ಮುದುಕಿಯರನ್ನೆಲ್ಲ ಹತ್ತಿಸಿ ಕಳಿಸಿದಳು. ಎಲ್ಲರೂ ಇಳಿಯುವಾಗ, ಕಾರು ಈಗ ಭಾಳ ಚಲೋ ಆಗಿದೆ ಎಂದು ಮನಸಾರೆ ಹೊಗಳಿದರು. ನೆನಪಿರಲಿ ಎಂದು ಅಮಾತೆಪ್ಪನವರು ಕೈಮುಗಿದರೆ, ಒಬ್ಬರೂ ಇಲ್ಲ ಅನ್ನಲಿಲ್ಲ. ಎಲ್ಲರೂ ಹೂಂ ಅಂದರು.

ಸೋಮವಾರ ಎಣಿಕೆಯಾಯಿತು. ಎತ್ತಿನ ಬಂಡಿಗೆ ಮುನ್ನೂರ ಒಂದು, ಕಾರಿಗೆ ಮೂವತ್ತೆಂಟು, ತಿರಸ್ಕೃತ ಒಂಬತ್ತು. ಅಮಾತೆಪ್ಪನವರು ಗೋಡೆಗೆ ಆನಿಕೊಂಡು ನಿಂತರು. ಕಣ್ಣಲ್ಲಿ ನೀರು ಬಂತು, ಅದನ್ನು ಯಾರೂ ನೋಡದಂತೆ ಒರೆಸಿಕೊಂಡರು. ಹೊಳಬಸಪ್ಪ ಬೆರಳು ಮಡಚಿ ಎಣಿಸುತ್ತ ಬಂದು, ಇದರಲ್ಲಿ ಇನ್ನೊಂದು ಮೋಸವಿದೆ ಎಂದ. ನಮ್ಮ ಬಳಗದ್ದೇ ಮೂವತ್ತೊಂಬತ್ತು ಮತ ಬಿದ್ದಿವೆ, ಬಂದದ್ದು ಮೂವತ್ತೆಂಟು. ಒಳಗಿನವರೇ ಒಬ್ಬರು ಕೈಕೊಟ್ಟಿದ್ದಾರೆ. ಊರೆಲ್ಲ ಕೈಕೊಟ್ಟ ದುಃಖ ಹಿಂದೆ ಬಿದ್ದು, ಆ ಒಬ್ಬರು ಯಾರು ಎಂಬುದೇ ಅಮಾತೆಪ್ಪನವರನ್ನು ಕೊರೆಯತೊಡಗಿತು. ಅಣ್ಣ ತಮ್ಮನನ್ನು ನೋಡಿದರು, ತಮ್ಮ ಅಣ್ಣನನ್ನು ನೋಡಿದ.

ಹೊರಗೆ ಜನ ಗೆದ್ದವನನ್ನು ಮೆರೆಸಲು ನಿಂತಿದ್ದರು. ಬಂಡಿಯಿರಲಿಲ್ಲ; ರಿಪೇರಿಯಾದ ಪಂಪನ್ನು ಹಾಕಿಕೊಂಡು ಎತ್ತುಗಳು ಮರೋಳಕ್ಕೆ ಹೋಗಿದ್ದವು. ನಡೆದೇ ಹೋಗುತ್ತೇನೆ ಎಂದ ಮಾಳಪ್ಪನನ್ನು ಜನ ಬಿಡಲಿಲ್ಲ. ಎಲ್ಲರ ಕಣ್ಣು ಎದುರಿಗೆ ನಿಂತಿದ್ದ ಬಿಳಿಯ ಕಾರಿನ ಮೇಲೆ ಬಿತ್ತು, ಆಮೇಲೆ ಅದರ ಯಜಮಾನರ ಮೇಲೆ ಬಿತ್ತು. ಮುನ್ನೂರು ಜನ ಒಟ್ಟಿಗೆ ನೋಡಿದರೆ ಇಲ್ಲ ಅನ್ನುವುದು ಹದಿನೆಂಟು ದಿನದಲ್ಲಿ ಅಮಾತೆಪ್ಪನವರಿಗೆ ಮರೆತೇಹೋಗಿತ್ತು. ಹಿಂದಿನ ಸೀಟಿನಲ್ಲಿ ಮಾಳಪ್ಪನನ್ನು ಕೂಡಿಸಿಕೊಂಡು, ಮುಂದೆ ತಾವು ಕೂತು ಕಾರು ಹೊರಡಿಸಿದರು. ಜನ ಎರಚಿದ ಭಂಡಾರ ಗೆದ್ದವನ ಮೇಲೂ ಬಿತ್ತು, ಸೋತವರ ಮೇಲೂ ಬಿತ್ತು.

ಮೆರವಣಿಗೆ ಅಮಾತೆಪ್ಪನವರ ಮನೆಯ ಮುಂದೆ ಬಂತು. ಎಣಿಕೆಯ ಸುದ್ದಿ, ಕಡಿಮೆ ಬಿದ್ದ ಒಂದು ಮತದ ಸಮೇತ, ಅದಕ್ಕಿಂತ ಮೊದಲೇ ಮನೆ ಮುಟ್ಟಿತ್ತು. ಗಟಾರಕ್ಕೆ ಅಡ್ಡಹಾಕಿದ ಹಲಗೆಯ ಮೇಲೆ ಗುರುಲಿಂಗವ್ವ ಆರತಿ ಹಿಡಿದು ನಿಂತಿದ್ದಳು. ಅಳಿಯನ ಕಿಟಕಿಯನ್ನು ದಾಟಿ ಹಿಂದಿನ ಕಿಟಕಿಗೆ ಹೋಗಿ ಮಾಳಪ್ಪನಿಗೆ ಬೆಳಗಿ, ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ಮುಂದೆ ಬಂದು ಬಗ್ಗಿ ಅಳಿಯನ ಮುಖ ನೋಡಿದಳು.

“ಆ ಒಂದು ಓಟು ಯಾರದು ಅಂತ ಮಂದಿನ್ನ ಕೇಳ್ಕೊಂತ ಹೋಗಬ್ಯಾಡ ತಮ್ಮಾ, ನನ್ನದ. ನಿನ್ನ ಕಾರಿನ ಗೇಣುದ್ದ ಕೊಳವಿ ಸ್ವಚ್ಛ ಮಾಡಾಕ ನಿನಗ ಆಗಲಿಲ್ಲ, ನನ್ನ ಗಟಾರ ಹ್ಯಾಂಗ ಮಾಡ್ತಿದ್ದಿ? ನೀ ನನ್ನ ಅಳಿಯ ಅದೀದಿ, ಮಧ್ಯಾಹ್ನ ಉಣ್ಣಾಕ ಬಾ, ಹೋಳಿಗಿ ಮಾಡೇನಿ.”

ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಅಮಾತೆಪ್ಪನವರು ತಲೆ ತಗ್ಗಿಸಿ, ಎಕ್ಸಲರೇಟರನ್ನು ಕಾಲು ನೋಯುವಷ್ಟು ಒತ್ತಿ ತುಳಿದರು. ಆ ಹೊತ್ತಿಗೆ ಮುಖ ಮರೆಸಿಕೊಳ್ಳುವಷ್ಟಾದರೂ ಹೊಗೆ ಬರಬೇಕಾಗಿತ್ತು. ಬರಲಿಲ್ಲ.